ಆಯುಧವಿಲ್ಲದ ಹಿಂಸೆಯೂ ಕನ್ನಡ ಚಲನಚಿತ್ರವೂ

ಶ್ರಾವಕರ ಮನೆಗಳಲ್ಲಿ ಚಲನಚಿತ್ರಕ್ಕೆ ಗೌರವದ ಸ್ಥಾನ ದೊರೆತದ್ದು ಕಡಿಮೆ. ಅದಕ್ಕೆ ಕಾರಣವೂ ಇದೆ. ಅನರ್ಥದಂಡವಿರತಿಯನ್ನು ವಿವರಿಸುವಾಗ ಆಚಾರ್ಯರು ಅಪಧ್ಯಾನ, ಪಾಪೋಪದೇಶ, ಪ್ರಮಾದಚರ್ಯೆ, ಹಿಂಸಾದಾನ, ದುಃಶ್ರುತಿ ಎಂಬ ಐದನ್ನು ತ್ಯಾಜ್ಯವೆಂದು ಎಣಿಸಿದ್ದಾರೆ. ರಾಗದ್ವೇಷಗಳನ್ನು ಕೆರಳಿಸುವ ಕಥೆಯನ್ನು ಕೇಳುವುದೇ ದುಃಶ್ರುತಿಯಾದರೆ, ಅಂಥದನ್ನು ಕಣ್ಣಿನಿಂದಲೂ ಕಿವಿಯಿಂದಲೂ ಮೂರು ತಾಸು ಸೇವಿಸುವುದನ್ನು ಏನೆಂದು ಕರೆಯಬೇಕು? ಹಿರಿಯರ ಈ ಆಕ್ಷೇಪ ಬಹುಪಾಲು ಚಿತ್ರಗಳ ಮಟ್ಟಿಗೆ ಇಂದಿಗೂ ಸರಿಯಾದುದೇ.

ಆದರೆ ಜೈನ ಪರಂಪರೆ ದೃಶ್ಯಕಲೆಯನ್ನು ಪೂರ್ಣವಾಗಿ ತಳ್ಳಿಹಾಕಿಲ್ಲ. ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ವೃಷಭದೇವನಿಗೆ ವೈರಾಗ್ಯ ಮೂಡಿದ್ದು ಒಂದು ನೃತ್ಯದ ನಿಮಿತ್ತದಿಂದ. ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯ ನಡುವಿನಲ್ಲಿಯೇ ಮುಗಿಯಿತು. ರಸಭಂಗವಾಗದಂತೆ ಇಂದ್ರನು ಅವಳನ್ನೇ ಹೋಲುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸಿದನು. ಸಭೆಗೆ ಏನೂ ತಿಳಿಯಲಿಲ್ಲ. ಇದ್ದವಳು ಇಲ್ಲವಾದುದನ್ನು ಕಂಡವನು ಆದಿದೇವನೊಬ್ಬನೇ. ನೋಟ ಒಂದೇ ಆಗಿದ್ದರೂ ಉಳಿದವರಿಗೆ ಅದು ವಿನೋದವಾಯಿತು, ಅವನಿಗೆ ಪ್ರಬೋಧವಾಯಿತು.

ಸಾಮಾಜಿಕ ನ್ಯಾಯವನ್ನೂ ಮಾನವೀಯತೆಯನ್ನೂ ವಸ್ತುವಾಗಿ ಉಳ್ಳ ಚಿತ್ರಗಳನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಅಳತೆಗೋಲು ಬೇಕಾಗಿಲ್ಲ. ಎಷ್ಟು ಕಣ್ಣೀರು ತರಿಸಿತು, ಎಷ್ಟು ಪ್ರಶಸ್ತಿ ಪಡೆಯಿತು ಎಂಬುದು ಗೌಣ. ಲೋಕದ ಲಯ ಕೆಡದಂತೆ ನಡುವಿನಿಂದ ಇಲ್ಲವಾಗುವ ಮನುಷ್ಯನನ್ನು ಅದು ತೋರಿಸಿತೇ, ಆ ಇಲ್ಲವಾಗುವಿಕೆಯಲ್ಲಿ ನೋಡುವವನ ಪಾಲೆಷ್ಟೆಂಬುದನ್ನು ನೆನಪಿಗೆ ತಂದಿತೇ ಎಂಬುದೇ ಮುಖ್ಯ.

ಜನಪ್ರಿಯ ಚಿತ್ರಗಳು ಅನ್ಯಾಯದ ಕಥೆಯನ್ನು ಹೇಳುವುದಿಲ್ಲವೆಂದಲ್ಲ. ಸಾಲದಲ್ಲಿ ಸಿಕ್ಕ ರೈತ, ದರ್ಪದ ಜಮೀನುದಾರ, ಲಂಚಕೋರ ಅಧಿಕಾರಿ ಇವರೆಲ್ಲ ಅಲ್ಲಿಯೂ ಇದ್ದಾರೆ. ಆದರೆ ಅಲ್ಲಿ ಅನ್ಯಾಯಕ್ಕೆ ಒಂದೇ ಮುಖ, ಪರಿಹಾರಕ್ಕೆ ಒಂದೇ ಮಾರ್ಗ. ನಾಯಕನು ಖಳನನ್ನು ಹೊಡೆದು ಕೆಡವುತ್ತಾನೆ, ಚಿತ್ರಮಂದಿರ ಚಪ್ಪಾಳೆ ತಟ್ಟುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರು ವಿಧಗಳಿಂದಲೂ ಹಿಂಸೆ ಬಂಧಕಾರಕವೆಂದು ನಂಬುವವರು ಈ ಚಪ್ಪಾಳೆಯನ್ನು ಅನುಮೋದನೆಯೆಂದೇ ಎಣಿಸಬೇಕಾಗುತ್ತದೆ. ಇದಕ್ಕಿಂತಲೂ ದೊಡ್ಡ ದೋಷ ಇನ್ನೊಂದಿದೆ. ಖಳನು ಸತ್ತೊಡನೆ ಪ್ರೇಕ್ಷಕನು ನಿರ್ದೋಷಿಯಾಗಿ ಮನೆಗೆ ಮರಳುತ್ತಾನೆ. ತಾನು ಆ ಖಳನಲ್ಲವೆಂಬ ಸಮಾಧಾನವಷ್ಟೇ ಅವನ ಗಳಿಕೆ.

ಇದಕ್ಕೆ ಭಿನ್ನವಾದ ಧಾರೆಯೊಂದು ಕನ್ನಡದಲ್ಲಿ 1970ರ ‘ಸಂಸ್ಕಾರ’ದಿಂದ ಪ್ರಬಲವಾಯಿತು. ಆ ಧಾರೆಯ ಉತ್ತಮ ಚಿತ್ರಗಳಲ್ಲಿ ಹಿಂಸೆಯುಂಟು, ಆಯುಧವಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಿದೆ. ಇವು ಸಾಕುಪ್ರಾಣಿಗಳಿಗೆ ಸಂಬಂಧಿಸಿದವೆಂದು ಸಾಮಾನ್ಯವಾಗಿ ಬೋಧಿಸಲಾಗುತ್ತದೆ. ಎತ್ತಿನ ಮೇಲೆ ಮಿತಿಮೀರಿ ಭಾರ ಹೇರಬಾರದು, ಹೊತ್ತಿಗೆ ಮೇವು ನೀರು ತಪ್ಪಿಸಬಾರದು ಎಂಬಷ್ಟಕ್ಕೆ ವಿವರಣೆ ನಿಲ್ಲುತ್ತದೆ. ಮನುಷ್ಯನೂ ಪಂಚೇಂದ್ರಿಯ ಜೀವಿಯೇ ಎಂಬುದನ್ನು ನೆನಪಿಸಲು ಕೆಲವೊಮ್ಮೆ ಚಲನಚಿತ್ರವೇ ಬರಬೇಕಾಯಿತು.

ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ‘ಚೋಮನ ದುಡಿ’ ಬಂಧವೆಂಬ ಅತಿಚಾರದ ಕಥೆ. ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ, ಬೇಸಾಯದ ಆಸೆಯಿದೆ, ದುಡಿಯುವ ಮೈಯಿದೆ. ಅವನ ಹುಟ್ಟಿನ ಕಾರಣದಿಂದ ಉಳುವ ಹಕ್ಕು ಮಾತ್ರ ಇಲ್ಲ. ಅವನನ್ನು ಕಟ್ಟಿಹಾಕಿರುವುದು ಹಗ್ಗವಲ್ಲ, ರೂಢಿ ಮತ್ತು ಸಾಲ. ಸಾಲ ತೀರಿಸಲೆಂದು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ, ಸಂಸಾರ ಒಡೆಯುತ್ತದೆ. ನೀರಿನಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮುಟ್ಟಬಾರದೆಂದು ದಡದಲ್ಲಿದ್ದವರು ನಿಂತುಬಿಡುವ ಸನ್ನಿವೇಶದಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಆದರೂ ಒಂದು ಜೀವ ಹೋಗುತ್ತದೆ. ‘ನಾನು ಏನೂ ಮಾಡಲಿಲ್ಲ’ ಎಂಬ ಮಾತು ನಿರಪರಾಧಕ್ಕೆ ಸಾಕ್ಷಿಯಾಗಲಾರದೆಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಛೇದದ ಕಥೆ. ಇಲ್ಲಿ ಕತ್ತರಿಸುವುದು ಅಂಗವನ್ನಲ್ಲ, ಸಂಬಂಧವನ್ನು. ಗರ್ಭಿಣಿಯಾದ ವಿಧವೆ ಯಮುನೆಯನ್ನು ಬದುಕಿರುವಾಗಲೇ ಸತ್ತವಳೆಂದು ಎಣಿಸಿ ಸಮುದಾಯದಿಂದ ಹೊರಗಿಡಲಾಗುತ್ತದೆ. ಅವಳ ತಂದೆಯೇ ಮುಪ್ಪಿನಲ್ಲಿ ಎಳೆಯ ಹುಡುಗಿಯೊಡನೆ ಮದುವೆಗೆ ಸಿದ್ಧನಾಗುವ ಸುದ್ದಿ ಕೊನೆಯಲ್ಲಿ ಬರುತ್ತದೆ. ಅದಕ್ಕೆ ಯಾವ ಆಕ್ಷೇಪವೂ ಇಲ್ಲ. ಎಲ್ಲವನ್ನೂ ನೋಡಿದವನು ನಾಣಿ ಎಂಬ ಬಾಲಕ. ಜಾತಿ ಪಂಚಾಯಿತಿಯ ತೂಕದ ಕಲ್ಲು ಗಂಡಿಗೊಂದು, ಹೆಣ್ಣಿಗೊಂದು ಎಂಬುದು ಮಗುವಿಗೂ ತಿಳಿಯುತ್ತದೆ. ಹೀನಾಧಿಕಮಾನೋನ್ಮಾನ, ಅಂದರೆ ಕೊಳ್ಳಲು ಒಂದು ಅಳತೆ, ಕೊಡಲು ಇನ್ನೊಂದು ಅಳತೆ ಇಡುವುದು ಅಚೌರ್ಯವ್ರತದ ಅತಿಚಾರವೆಂದು ವ್ಯಾಪಾರಿಗಳೆಲ್ಲ ಬಲ್ಲರು. ನ್ಯಾಯದ ತಕ್ಕಡಿಗೂ ಅದೇ ನಿಯಮವಲ್ಲವೇ?

ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ, ಕಾಸರವಳ್ಳಿಯವರದೇ ಆದ ‘ತಬರನ ಕಥೆ’ (1986) ಅನ್ನಪಾನನಿರೋಧಕ್ಕೆ ನೇರವಾದ ಉದಾಹರಣೆ. ನಿವೃತ್ತನಾದ ಜವಾನ ತಬರಶೆಟ್ಟಿಗೆ ಪಿಂಚಣಿ ಬರಬೇಕು. ಕಾಗದಪತ್ರ ಮೇಜಿನಿಂದ ಮೇಜಿಗೆ ಹೋಗುತ್ತದೆ. ಇತ್ತ ಹೆಂಡತಿಯ ಕಾಲು ಮಧುಮೇಹದಿಂದ ಕೊಳೆಯುತ್ತದೆ. ಚಾರುಹಾಸನ್ ಅವರ ತಬರನು ಪ್ರತಿ ಬಾಗಿಲಲ್ಲಿಯೂ ಬಾಗಿ ನಿಲ್ಲುತ್ತಾನೆ. ಅಧಿಕಾರಿಗಳಲ್ಲಿ ಕ್ರೂರಿಗಳೆನಿಸುವವರು ವಿರಳ; ಹೆಚ್ಚಿನವರು ನಿಯಮ ಪಾಲಿಸುವವರೇ. ಚಿತ್ರದ ಶಕ್ತಿ ಇರುವುದು ಇಲ್ಲಿಯೇ. ವಿಳಂಬವೂ ಹಿಂಸೆಯೇ, ಅದನ್ನು ಮಾಡಲು ದುಷ್ಟನಾಗಬೇಕಾಗಿಲ್ಲ, ಪ್ರಮತ್ತನಾದರೆ ಸಾಕು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮತ್ತಯೋಗವನ್ನೇ ಮೊದಲು ಹೆಸರಿಸಿದ ಮರ್ಮವೂ ಇದೇ.

ಈ ಮೂರು ಚಿತ್ರಗಳ ಅನ್ಯಾಯ ಓದುಗರಿಗೆ ದೂರದ ಕಾಲದ್ದೆಂದೋ ಬೇರೆ ಸಮಾಜದ್ದೆಂದೋ ಎನಿಸಬಹುದು. ಆದರೆ ಕಾಸರವಳ್ಳಿಯವರ ‘ದ್ವೀಪ’ (2002) ಹಾಗೆ ದೂರ ನಿಲ್ಲುವುದಿಲ್ಲ, ಮುಖ್ಯವಾಗಿ ಕೃಷ್ಣಾ ತೀರದವರಿಗೆ. ನಾ. ಡಿಸೋಜ ಅವರ ಕಾದಂಬರಿ ಶರಾವತಿ ಕಣಿವೆಯ ಮುಳುಗಡೆಯಿಂದ ಹುಟ್ಟಿದ್ದು. ಆದರೆ ಅದನ್ನು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಕುಳಿತು ನೋಡಿದರೆ ಇನ್ನೊಂದು ಅರ್ಥ ತೆರೆದುಕೊಳ್ಳುತ್ತದೆ.

ತಂಗಡಗಿ ಕೃಷ್ಣೆಯ ಎಡದಂಡೆಯ ಊರು. ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯರಾದ ಕ್ಷೇತ್ರವೆಂದು, ಅವರೊಡನೆ ಬಂದ ಹಡಪದ ಅಪ್ಪಣ್ಣನವರ ನೆಲೆಯೆಂದು ಅದಕ್ಕೆ ಖ್ಯಾತಿ. ಹನ್ನೆರಡನೆಯ ಶತಮಾನದಲ್ಲಿ ವೃತ್ತಿಭೇದ ಲಿಂಗಭೇದಗಳನ್ನು ಪ್ರಶ್ನಿಸಿದವರ ನೆನಪು ಅಲ್ಲಿಯ ಮಣ್ಣಿನಲ್ಲಿದೆ. ಇಂದು ಊರಿಗೆ ಮೇಲುಗಡೆ ಆಲಮಟ್ಟಿ, ಕೆಳಗಡೆ ನಾರಾಯಣಪುರ. ಎರಡು ಅಣೆಕಟ್ಟುಗಳ ನಡುವಿನ ಬದುಕು ಅದರದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು 2000ದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಪ್ಪಿಗೆ ದೊರೆಯಿತು, 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಾಧಿಕರಣವು ಅವಕಾಶ ನೀಡಿತು. ಈ ಅಂಕೆಗಳ ಹಿಂದೆ ಊರು ಬಿಟ್ಟವರ ಸಂಸಾರಗಳಿವೆ. ಹಳೆಯ ಬಾಗಲಕೋಟೆಯ ಭಾಗವೇ ನೀರಿಗೆ ಸೇರಿ ನವನಗರ ಎದ್ದಿತು. ಕೂಡಲಸಂಗಮದ ಐಕ್ಯಮಂಟಪಕ್ಕೆ ಸುತ್ತ ಗೋಡೆ ಕಟ್ಟಿ ಹಿನ್ನೀರಿನಿಂದ ಉಳಿಸಿಕೊಳ್ಳಲಾಯಿತು. ಎಲ್ಲರ ಮನೆಗೂ ಅಂಥ ಗೋಡೆ ಕಟ್ಟಲಾಗುವುದಿಲ್ಲ.

‘ದ್ವೀಪ’ದ ದುಗ್ಗಜ್ಜ ಸೀತಾಪರ್ವತವೆಂಬ ನಡುಗಡ್ಡೆಯ ಅರ್ಚಕ. ಅಣೆಕಟ್ಟಿನ ನೀರು ಏರುತ್ತಿದ್ದಂತೆ ಉಳಿದವರು ಪರಿಹಾರ ಪಡೆದು ಒಬ್ಬೊಬ್ಬರಾಗಿ ಹೊರಡುತ್ತಾರೆ. ಅವನು, ಮಗ ಗಣಪ, ಸೊಸೆ ನಾಗಿ ಮಾತ್ರ ಉಳಿಯುತ್ತಾರೆ. ಮನೆಗೆ, ನೆಲಕ್ಕೆ ಸರ್ಕಾರ ಬೆಲೆ ಕಟ್ಟಬಹುದು. ಬೆಟ್ಟದ ಮೇಲಿನ ಪೂಜೆಯಿಂದ ಬಂದ ಮಾನಕ್ಕೆ ಬೆಲೆ ಕಟ್ಟುವವರಾರು ಎಂಬುದು ಆ ಮುದುಕನ ಪ್ರಶ್ನೆ. ನೆಲವೇ ಸಿಗದ ಚೋಮನ ಪಾತ್ರವನ್ನು 1975ರಲ್ಲಿ ವಹಿಸಿದ್ದ ಎಂ.ವಿ. ವಾಸುದೇವರಾಯರೇ ಇಲ್ಲಿ ನೆಲ ಕಳೆದುಕೊಳ್ಳುವ ದುಗ್ಗಜ್ಜನಾಗಿದ್ದಾರೆಂಬುದು ಕಾಕತಾಳೀಯವಾದರೂ ಮನಸ್ಸಿನಲ್ಲಿ ಉಳಿಯುವ ಸಂಗತಿ.

ಚಿತ್ರದ ನಿಜವಾದ ಕೇಂದ್ರ ನಾಗಿ. ಸೌಂದರ್ಯ ಅವರು ತಾವೇ ನಿರ್ಮಿಸಿ ಅಭಿನಯಿಸಿದ ಈ ಪಾತ್ರ ಸುರಿಯುವ ಮಳೆಯಲ್ಲಿ ಮನೆಯನ್ನೂ ಗಂಡನ ಧೈರ್ಯವನ್ನೂ ಒಟ್ಟಿಗೆ ಕಾಯುತ್ತದೆ. ಅವಳ ತವರೂರಿನ ಕೃಷ್ಣನು ನೆರವಿಗೆ ಬಂದಾಗ ಗಣಪನ ಎದೆಯಲ್ಲಿ ಶಂಕೆ ಬೆಳೆಯುತ್ತದೆ. ಕೊನೆಗೆ ಮಳೆ ನಿಂತು ಮನೆ ಉಳಿದಾಗ ಗಣಪನು ಅದನ್ನು ದೇವರ ಕೃಪೆಯೆಂದು ಎಣಿಸುತ್ತಾನೆ. ನಾಗಿಯ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರ ದುಗ್ಗಜ್ಜನಿಗೆ ಮಾಡಿದ್ದನ್ನೇ ಗಣಪನು ಹೆಂಡತಿಗೆ ಮಾಡುತ್ತಾನೆ. ಅನ್ಯಾಯಕ್ಕೆ ಒಳಗಾದವನೂ ತನ್ನ ಮನೆಯೊಳಗೆ ಅನ್ಯಾಯ ಮಾಡಬಲ್ಲನೆಂಬ ಈ ಸತ್ಯವನ್ನು ಹೇಳಿದ್ದರಿಂದಲೇ ‘ದ್ವೀಪ’ ಬರಿಯ ಪ್ರಚಾರಚಿತ್ರವಾಗದೆ ಉಳಿಯಿತು. ಪರಂಪರೆಯ ಕಥನದಂತೆ, ಬಸವಣ್ಣನವರ ಅಗಲಿಕೆಯನ್ನು ತಿಳಿದ ನೀಲಾಂಬಿಕೆ ಸಂಗಮದವರೆಗೆ ಹೋಗದೆ ತಂಗಡಗಿಯಲ್ಲಿಯೇ ತಮ್ಮ ಸಾಧನೆಯ ಪೂರ್ಣತೆಯನ್ನು ಕಂಡುಕೊಂಡರು. ಹೆಣ್ಣಿನ ಸ್ವಂತ ನಿಲುವನ್ನು ಎಂಟು ನೂರು ವರ್ಷ ಗೌರವಿಸಿದ ಆ ದಂಡೆಯವರಿಗೆ ನಾಗಿಯ ಕಣ್ಣೀರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಚಿತ್ರದಲ್ಲಿ ಒಂದು ಕೊರತೆಯಿದೆ. ಅಣೆಕಟ್ಟಿನ ಫಲ ಯಾರಿಗೆ ಎಂಬುದು ಅಲ್ಲಿ ಕಾಣಿಸುವುದೇ ಇಲ್ಲ. ಶರಾವತಿಯಲ್ಲಿ ಅದು ದೂರದ ಊರುಗಳ ವಿದ್ಯುತ್ತು. ಕೃಷ್ಣೆಯಲ್ಲಾದರೋ ಫಲ ಪಡೆದವರೂ ನಷ್ಟ ಹೊಂದಿದವರೂ ಹಲವೆಡೆ ಒಂದೇ ಜಿಲ್ಲೆಯವರು. ಬರದಿಂದ ಬೆಂದ ಸಿಂದಗಿ, ಇಂಡಿ ಭಾಗದ ಹೊಲಗಳಿಗೆ ಕಾಲುವೆ ಬಂದದ್ದು ನದಿಯ ದಂಡೆಯವರು ಮನೆ ಬಿಟ್ಟದ್ದರಿಂದ. ಅನೇಕಾಂತದೃಷ್ಟಿಯುಳ್ಳವನು ಅಣೆಕಟ್ಟು ಕೇವಲ ಪಾಪವೆಂದೂ ಹೇಳಲಾರ, ಕೇವಲ ಪುಣ್ಯವೆಂದೂ ಹೇಳಲಾರ. ನೀರು ಪಡೆದವನ ಮುಖವೂ ಚಿತ್ರದಲ್ಲಿ ಬಂದಿದ್ದರೆ ಋಣಿ ಯಾರೆಂಬ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತಿತ್ತು.

ಇಲ್ಲಿ ಒಂದು ಎಚ್ಚರ ಅವಶ್ಯ. ಎರಡೂ ಕಡೆ ಸತ್ಯವಿದೆಯೆಂದು ಹೇಳಿ ಕೈಕಟ್ಟಿ ಕುಳಿತುಕೊಳ್ಳುವುದನ್ನು ಅನೇಕಾಂತವೆಂದು ತಿಳಿಯುವವರಿದ್ದಾರೆ. ಸಮಸ್ತ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶದಲ್ಲಿರುವವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ ಎಂದು ನಾಲ್ಕು ಭಾವನೆಗಳಿಗೂ ಶಾಸ್ತ್ರ ಬೇರೆ ಬೇರೆ ಪಾತ್ರಗಳನ್ನು ಗೊತ್ತುಪಡಿಸಿದೆ. ಮಾಧ್ಯಸ್ಥ್ಯವಿರುವುದು ಹಟಮಾರಿಯ ವಿಷಯದಲ್ಲಿ, ದುಃಖಿಯ ವಿಷಯದಲ್ಲಿ ಅಲ್ಲ. ಮನೆ ಮುಳುಗಿದವನೆದುರು ತಟಸ್ಥನಾಗುವುದು ಪಾತ್ರವನ್ನು ತಪ್ಪಿಸಿ ಮಾಡಿದ ದಾನದಂತೆ ನಿಷ್ಫಲ. ಕಾರುಣ್ಯವಾದರೂ ಕಣ್ಣೀರಿನಲ್ಲಿಯೇ ಮುಗಿದರೆ ಅದು ಪ್ರೇಕ್ಷಕನ ಸುಖವಾಗಿ ಉಳಿಯುತ್ತದೆ, ಬಾಧಿತನ ಉಪಕಾರವಾಗುವುದಿಲ್ಲ.

ಇಂದು ಆಲಮಟ್ಟಿಗೆ ಹೋದ ಪ್ರವಾಸಿಗಳು ಉದ್ಯಾನವನ್ನೂ ಸಂಗೀತ ಕಾರಂಜಿಯನ್ನೂ ನೋಡಿ ಸಂತೋಷಪಟ್ಟು ಮರಳುತ್ತಾರೆ. ಸಂತೋಷಪಡುವುದು ತಪ್ಪಲ್ಲ, ನೀರಿನ ಕೆಳಗೆ ಒಲೆ, ಹೊಸ್ತಿಲು, ಹಗೇವುಗಳಿದ್ದುವೆಂಬುದು ತಿಳಿದಿರಬೇಕು. ನೀಲಾಂಜನೆ ಹೋದುದನ್ನು ಕಾಣದ ಸಭೆಗೂ ಕಂಡ ಒಬ್ಬನಿಗೂ ಇದ್ದ ಅಂತರ ಇಷ್ಟೇ. ‘ದ್ವೀಪ’ದಂಥ ಚಿತ್ರ ಆ ಅಂತರವನ್ನು ಕಡಿಮೆ ಮಾಡುತ್ತದೆ.

ಬಸದಿಯ ಆಡಳಿತ ಮಂಡಳಿಗಳು ಮಹಾವೀರ ಜಯಂತಿಯ ಸಮಯದಲ್ಲಾದರೂ ಸಮುದಾಯ ಭವನದಲ್ಲಿ ಇಂಥ ಒಂದು ಚಿತ್ರವನ್ನು ತೋರಿಸಿ, ಬಳಿಕ ಒಂದು ತಾಸು ಚರ್ಚೆಗೆ ಅವಕಾಶ ಮಾಡಿಕೊಟ್ಟರೆ ಅದು ಶಾಸ್ತ್ರದಾನಕ್ಕೆ ಸಮೀಪದ ಕಾರ್ಯವಾದೀತು. ಆದರೆ ಚರ್ಚೆ ಚಿತ್ರದ ಅಧಿಕಾರಿಗಳನ್ನೂ ಜಮೀನುದಾರರನ್ನೂ ಹಳಿಯುವುದರಲ್ಲಿ ಮುಗಿಯಬಾರದು. ಅಂಗಡಿಯ ಹಮಾಲನ ಬೆನ್ನಿನ ಮೇಲಿನ ಚೀಲದ ತೂಕವೆಷ್ಟು? ಊರು ಬಿಡುವ ಆತುರದಲ್ಲಿದ್ದವನಿಂದ ಕೊಂಡ ಎತ್ತಿಗೆ, ಬಂಗಾರಕ್ಕೆ ಕೊಟ್ಟ ಬೆಲೆ ನ್ಯಾಯವಾದುದೇ? ಬಸದಿಯ ಪುರೋಹಿತನಿಗೂ ಕಸಗುಡಿಸುವವಳಿಗೂ ಸಂಬಳ ತಿಂಗಳ ಮೊದಲ ದಿನಗಳಲ್ಲಿಯೇ ಸಲ್ಲುತ್ತಿದೆಯೇ? ಅಪವಾದಕ್ಕೆ ಸಿಕ್ಕ ಹೆಣ್ಣುಮಗಳನ್ನು ಮಂಡಳಿ ಯಾವ ತಕ್ಕಡಿಯಲ್ಲಿ ತೂಗಿತು? ಇವು ಆ ನಾಲ್ಕು ಚಿತ್ರಗಳು ಶ್ರಾವಕರ ಮುಂದಿಡುವ ಪ್ರಶ್ನೆಗಳು.

ವ್ಯಾಪಾರಸ್ಥ ಸಮಾಜಕ್ಕೆ ಲೆಕ್ಕ ನೋಡುವುದು ಹೊಸದಲ್ಲ. ದೀಪಾವಳಿಗೆ ಹೊಸ ಖಾತೆ ತೆರೆಯುವ ಮುನ್ನ ಹಳೆಯ ಬಾಕಿಗಳನ್ನು ಪರಿಶೀಲಿಸುವ ಪದ್ಧತಿ ಇದ್ದೇ ಇದೆ. ಬರಬೇಕಾದ ಬಾಕಿಯಂತೆಯೇ ಕೊಡಬೇಕಾದ ಬಾಕಿಯೂ ಅಲ್ಲಿ ಕಾಣಬೇಕು. ವಿದ್ಯಾರ್ಥಿವೇತನಕ್ಕೆಂದು ಯಾವುದೋ ವಿಧವೆ ಬರೆದ ಅರ್ಜಿ ಮಂಡಳಿಯ ಕಡತದ ತಳದಲ್ಲಿ ಎಷ್ಟು ತಿಂಗಳಿಂದ ಬಿದ್ದಿದೆ ಎಂದು ಮರುದಿನವೇ ತೆಗೆದು ನೋಡಿದರೆ, ತಬರನ ಕಥೆಯನ್ನು ನೋಡಿದ್ದು ಸಾರ್ಥಕ.