‘ಸೂಳ್’ ಎಂಬ ನಂಬಿಕೆ: ಒಂದೇ ಪಾಳೆಯದೊಳಗಿನ ಮೇಲಾಟ ಮತ್ತು ಪಂಪಭಾರತ

ಪಂಪನ ‘ವಿಕ್ರಮಾರ್ಜುನ ವಿಜಯ’ದ ಯುದ್ಧಭಾಗವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಎರಡು ಪಕ್ಷಗಳ ಹಗೆಯನ್ನು ಕೇಂದ್ರವಾಗಿಟ್ಟುಕೊಂಡು ಸಾಗುತ್ತದೆ. ಕೌರವ-ಪಾಂಡವರ ವೈರ, ಕರ್ಣಾರ್ಜುನರ ವೈರ ಇವು ಎದ್ದು ಕಾಣುವ ವಸ್ತುಗಳಾದುದರಿಂದ ಇದು ಸಹಜವೇ. ಆದರೆ ಒಬ್ಬನೇ ಒಡೆಯನ ಅನ್ನವನ್ನುಂಡು ಒಂದೇ ಧ್ವಜದ ಕೆಳಗೆ ನಿಂತವರ ನಡುವೆಯೂ ಒಂದು ಮೇಲಾಟವಿರುತ್ತದೆ. ಅದು ಹಗೆಯಲ್ಲ, ಹಗೆಯಾಗದಿರಲೆಂದು ಎಲ್ಲರೂ ಬಯಸುವಂಥದು. ಈ ಒಳಮೇಲಾಟದ ಸ್ವರೂಪವೇನು, ಅದು ಯಾವಾಗ ಸ್ನೇಹದ ಮೇರೆಯೊಳಗೆ ನಿಲ್ಲುತ್ತದೆ, ಯಾವಾಗ ಆ ಮೇರೆಯನ್ನು ಮೀರುತ್ತದೆ ಎಂಬುದನ್ನು ಕೆಲವು ಮಧ್ಯಕಾಲೀನ ಆಧಾರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ಹಳೆಯ ಕಾಲದ ಸಮಸ್ಯೆಯಲ್ಲ. ಪುಣೆಯ ಸಮೀಪದ ಖಡಕ್‌ವಾಸ್ಲಾದಲ್ಲಿ 1955ರಿಂದ ನಡೆಯುತ್ತಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಗೆ ಸೇರಲಿರುವ ತರುಣರು ಒಂದೇ ಸ್ಕ್ವಾಡ್ರನ್ನಿನಲ್ಲಿ ಬೆರೆತು ಬಾಳುತ್ತಾರೆ. ಅಲ್ಲಿನ ಪಂದ್ಯಗಳು ಸ್ಕ್ವಾಡ್ರನ್ನುಗಳ ನಡುವೆ ನಡೆಯುತ್ತವೆ. ಮುಂದೆ ಮೂರು ದಾರಿ ಹಿಡಿಯುವವರು ಮೊದಲು ಒಂದೇ ತಂಡದಲ್ಲಿ ಗೆದ್ದು ಸೋತಿರಲಿ ಎಂಬುದು ಈ ವ್ಯವಸ್ಥೆಯ ಹಿಂದಿನ ವಿವೇಕ. 2020ರ ಜನವರಿ 1ರಂದು ಮೊದಲ ಬಾರಿಗೆ ಮೂರೂ ಪಡೆಗಳಿಗೆ ಸಂಬಂಧಿಸಿದ ಒಬ್ಬ ರಕ್ಷಣಾ ಮುಖ್ಯಸ್ಥರು ಅಧಿಕಾರ ವಹಿಸಿಕೊಂಡಾಗಲೂ ಹಿಂದಿದ್ದ ಪ್ರಶ್ನೆ ಇದೇ: ಬೇರೆ ಬೇರೆ ಹೆಮ್ಮೆಗಳುಳ್ಳ ಅಂಗಗಳನ್ನು ಒಂದೇ ದೇಹವಾಗಿ ನಡೆಸುವುದು ಹೇಗೆ?

ಆನೆ, ಕುದುರೆ, ರಥ, ಕಾಲಾಳು ಎಂಬ ಚತುರಂಗದ ಕಲ್ಪನೆಯಲ್ಲಿಯೇ ಈ ಪ್ರಶ್ನೆ ಅಡಗಿದೆ. ‘ಅಂಗ’ ಎಂಬ ಮಾತು ಐಕ್ಯವನ್ನು ಸೂಚಿಸಿದರೆ, ‘ಚತುರ್’ ಎಂಬುದು ಭೇದವನ್ನು ಸೂಚಿಸುತ್ತದೆ. ಕೌಟಿಲ್ಯನು ನಾಲ್ಕು ಅಂಗಗಳಿಗೂ ಬೇರೆ ಬೇರೆ ಅಧ್ಯಕ್ಷರನ್ನು ಹೇಳಿ, ಯುದ್ಧದಲ್ಲಿ ಒಂದೊಂದರ ಕೆಲಸವನ್ನೂ ವಿಂಗಡಿಸಿ ಕೊಡುತ್ತಾನೆ. ಪಂಪನ ಆಶ್ರಯದಾತನಾದ ಅರಿಕೇಸರಿಯ ವಂಶದ ಆಳ್ವಿಕೆಯಲ್ಲಿಯೇ 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿಯು ತನ್ನ ‘ನೀತಿವಾಕ್ಯಾಮೃತ’ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನ ಪ್ರಕಾರ ಬಲಗಳಲ್ಲಿ ಆನೆಯೇ ಪ್ರಧಾನ, ಏಕೆಂದರೆ ಅದರ ಅವಯವಗಳೇ ಅದಕ್ಕೆ ಆಯುಧ; ಕುದುರೆಯಾದರೋ ಸೈನ್ಯದ ಚಲಿಸುವ ಕೋಟೆ. ಮೇಲ್ನೋಟಕ್ಕೆ ಇದು ಶ್ರೇಣೀಕರಣ. ಆದರೆ ಎರಡನ್ನೂ ಅಳೆಯುವ ಕೋಲು ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಆನೆಗೆ ಪ್ರಾಧಾನ್ಯವನ್ನು ಕೊಟ್ಟ ಮೇಲೂ ಆನೆ ಮಾಡಲಾರದ ಒಂದು ಕೆಲಸವನ್ನು ಶಾಸ್ತ್ರಕಾರನು ಕುದುರೆಗೆ ಮೀಸಲಿಡುತ್ತಾನೆ.

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಇದೇ ಮೇಲಾಟ ವಿನೋದದ ರೂಪ ತಾಳುತ್ತದೆ. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥದ ವಿನೋದವಿಂಶತಿಯಲ್ಲಿ ಗಜವಾಹ್ಯಾಲಿ, ತುರಗವಾಹ್ಯಾಲಿ, ಅಂಕವಿನೋದ, ಮಲ್ಲವಿನೋದಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಒಂದೆಡೆ ಮದವೇರಿದ ಆನೆಯ ಮುಂದೆ ಓಟಗಾರರು ಓಡುತ್ತಾರೆ. ಇನ್ನೊಂದೆಡೆ ಎರಡು ತಂಡಗಳ ಸವಾರರು ಕೋಲಿನಿಂದ ಚೆಂಡನ್ನು ಹೊಡೆಯುತ್ತಾರೆ. ಇವನ್ನು ಅರಮನೆಯ ಕಾಲಕ್ಷೇಪವೆಂದಷ್ಟೇ ಓದಿದರೆ ಸಾಲದು. ಸೇನೆಯ ಅಂಗಗಳು ಪರಸ್ಪರ ಬಲಾಬಲಗಳನ್ನು ಕಾಣಲು ರಣರಂಗದ ಹೊರಗೆ ಗೆರೆ ಎಳೆದು ಕೊಟ್ಟ ಜಾಗ ಈ ವಾಹ್ಯಾಲಿ. ಒಂದು ದಿನ ಆನೆಯದು, ಇನ್ನೊಂದು ದಿನ ಕುದುರೆಯದು, ಮತ್ತೊಂದು ದಿನ ಮಲ್ಲರದು. ಪ್ರತಿಯೊಂದಕ್ಕೂ ತನ್ನ ಸರದಿಯುಂಟು ಎಂಬುದೇ ಇಲ್ಲಿನ ಸೊಗಸು.

ಈ ಸರದಿಯ ಕಲ್ಪನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪಂಪಭಾರತದ ಎರಡು ಸನ್ನಿವೇಶಗಳನ್ನು ನೋಡಬಹುದು.

ಮೊದಲನೆಯದು ಕುಮಾರರ ಶಸ್ತ್ರವಿದ್ಯಾಪ್ರದರ್ಶನ. ಇದು ಒಬ್ಬ ಗುರುವಿನ ಶಿಷ್ಯರ ನಡುವಣ ಪಂದ್ಯ. ಹಗೆಗೆ ಇಲ್ಲಿ ಎಡೆಯಿರಬಾರದು. ಅರ್ಜುನನು ತನ್ನ ಕೌಶಲವನ್ನು ತೋರಿದ ಮೇಲೆ ಕರ್ಣನು ಮುಂದೆ ಬಂದು ತನಗೂ ಅವಕಾಶ ಬೇಡುತ್ತಾನೆ. ಅದಕ್ಕೆ ಉತ್ತರವಾಗಿ ಹಿರಿಯರ ಕಡೆಯಿಂದ ಬರುವುದು ಕುಲದ ಪ್ರಶ್ನೆ. ಕರ್ಣನು ಕೇಳಿದ್ದು ತನ್ನ ಸರದಿಯನ್ನು; ಅವನಿಗೆ ದೊರೆತದ್ದು ವಂಶದ ವಿಚಾರಣೆ. ಆ ಕ್ಷಣದಲ್ಲಿ ದುರ್ಯೋಧನನು ಅವನಿಗೆ ಅಂಗರಾಜ್ಯವನ್ನು ಕೊಡುತ್ತಾನೆ. ಆಟದ ಕಣದಲ್ಲಿ ನಿರಾಕರಿಸಲ್ಪಟ್ಟ ಸರದಿಯು ರಾಜಕಾರಣದ ಕಣದಲ್ಲಿ ಸಾಲವಾಗಿ ದೊರೆಯುತ್ತದೆ. ಕಥೆಯ ಉಳಿದ ಭಾಗವೆಲ್ಲ ಆ ಸಾಲದ ತೀರುವಳಿ.

ಎರಡನೆಯ ಸನ್ನಿವೇಶ ಭೀಷ್ಮನ ಸೇನಾಧಿಪತ್ಯದ ಪಟ್ಟಬಂಧ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಭೀಷ್ಮನು ರಥಿಕರನ್ನು ದರ್ಜೆವಾರು ಎಣಿಸುತ್ತ ಕರ್ಣನನ್ನು ‘ಅರ್ಧರಥ’ನೆಂದು ಕರೆಯುತ್ತಾನೆ, ಜಗಳ ಹುಟ್ಟುವುದು ಅಲ್ಲಿಂದ. ಅಂದರೆ ಅಲ್ಲಿ ಅವಮಾನದ ಮೂಲ ಭೀಷ್ಮನೇ. ಪಂಪನು ಈ ಸಂಬಂಧಗಳನ್ನು ಬೇರೆ ರೀತಿಯಲ್ಲಿ ಹೊಂದಿಸಿದ್ದಾನೆ. ಅವನಲ್ಲಿ ಮೊದಲು ಕೆಣಕುವವನು ಕರ್ಣ: ಮುಪ್ಪಿನವನಿಗೆ ಪಟ್ಟವೇಕೆ ಎಂಬುದು ಅವನ ಧಾಟಿ. ಕುಲದ ಮಾತನ್ನು ಎತ್ತಿ ಚುಚ್ಚುವವನು ದ್ರೋಣ. ಕುಲವೆಂಬುದು ಹುಟ್ಟಿನಲ್ಲಿಲ್ಲ, ಛಲ, ಗುಣ, ಅಭಿಮಾನ, ಪರಾಕ್ರಮಗಳಲ್ಲಿದೆ ಎಂದು ಕರ್ಣನು ಕೊಡುವ ಪ್ರಸಿದ್ಧ ಉತ್ತರ ದ್ರೋಣನಿಗೆ. ಆ ಬಳಿಕ ಭೀಷ್ಮನು ಮಾತನಾಡುತ್ತಾನೆ. ನಿನಗಿರುವ ಹರೆಯ, ತೋಳ್ಬಲ, ಒಡೆಯನ ನಚ್ಚು ನನಗೆಲ್ಲಿಯವು ಎಂಬರ್ಥದ ಮಾತುಗಳನ್ನಾಡಿ, ಈ ಮಹಾಯುದ್ಧದಲ್ಲಿ ನಿನಗೂ ‘ಸೂಳ್’ ದೊರೆಯುತ್ತದೆ ಎಂದು ಮುಗಿಸುತ್ತಾನೆ.

‘ಸೂಳ್’ ಎಂದರೆ ಸರದಿ, ಪಾಳಿ. ಈ ಸಂದರ್ಭವನ್ನು ಚರ್ಚಿಸುವಾಗ ನಮ್ಮ ಗಮನವೆಲ್ಲ ಕುಲವನ್ನು ಕುರಿತ ಪದ್ಯದ ಮೇಲೆ ನಿಲ್ಲುತ್ತದೆ. ಅದರ ಸಾಮಾಜಿಕ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸನ್ನಿವೇಶದ ಕೀಲು ‘ಸೂಳ್’ ಎಂಬ ಈ ಸಣ್ಣ ಮಾತಿನಲ್ಲಿದೆಯೆಂದು ನನ್ನ ಅಭಿಪ್ರಾಯ. ಕರ್ಣನ ತಕರಾರಿಗೆ ದ್ರೋಣನು ಕೊಡುವ ಉತ್ತರ ಹುಟ್ಟಿನ ಭಾಷೆಯಲ್ಲಿದೆ. ಭೀಷ್ಮನ ಉತ್ತರ ಕ್ರಮದ ಭಾಷೆಯಲ್ಲಿದೆ. ಹುಟ್ಟು ಬದಲಾಗುವಂಥದಲ್ಲವಾದ್ದರಿಂದ ದ್ರೋಣನ ಮಾತು ಬಾಗಿಲನ್ನು ಮುಚ್ಚುತ್ತದೆ. ಸರದಿ ಮುಂದೆ ಬರುವಂಥದಾದ್ದರಿಂದ ಭೀಷ್ಮನ ಮಾತು ಬಾಗಿಲನ್ನು ತೆರೆದಿಡುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಭೀಷ್ಮನ ಮಾತಿನಲ್ಲಿ ವ್ಯಂಗ್ಯವಿಲ್ಲವೆ? ‘ಅವಸರವೇಕೆ, ನಿನ್ನ ಪಾಳಿಯೂ ಬರುತ್ತದೆ’ ಎಂಬಲ್ಲಿ ಸಾವಿನ ಸೂಚನೆಯೂ ಅಡಗಿಲ್ಲವೆ? ಅಡಗಿದೆ. ಈ ವ್ಯಂಗ್ಯವನ್ನು ನಿರಾಕರಿಸುವ ಅಗತ್ಯವಿಲ್ಲ. ಕುರುಸೇನೆಯಲ್ಲಿ ಪಟ್ಟದ ಸರದಿಯೆಂದರೆ ಸಾವಿನ ಸರದಿಯೇ. ಆದರೆ ಆ ಸರದಿಯಲ್ಲಿ ಭೀಷ್ಮನು ಮೊದಲು ನಿಲ್ಲಿಸಿಕೊಳ್ಳುವುದು ತನ್ನನ್ನೇ. ತಾನು ಮೊದಲು ಹೋಗುವೆನೆಂದು ತಿಳಿದವನು ಆಡಿದ ವ್ಯಂಗ್ಯ ತಿರಸ್ಕಾರವಾಗುವುದಿಲ್ಲ. ಅದು ಸಮಾನರ ನಡುವಣ ಸಲುಗೆಯಾಗುತ್ತದೆ. ಸೈನಿಕರ ನಡುವಿನ ಪರಿಹಾಸ್ಯದ ಸ್ವಭಾವವೇ ಇದು: ಅದು ಚುಚ್ಚುತ್ತದೆ, ಆದರೆ ಹೊರಗೆ ತಳ್ಳುವುದಿಲ್ಲ.

ಮುಂದಿನ ಕಥೆ ಈ ಓದನ್ನು ಸಮರ್ಥಿಸುತ್ತದೆ. ಭೀಷ್ಮನು ಬೀಳುವ ತನಕ ಬಿಲ್ಲು ಹಿಡಿಯೆನೆಂದ ಕರ್ಣನು ಶರಶಯ್ಯೆಯಲ್ಲಿರುವ ಅದೇ ಭೀಷ್ಮನ ಬಳಿಗೆ ಬಂದು, ಆಡಿದ ಮಾತನ್ನು ಮರೆಯಬೇಕೆಂದು ಬೇಡುತ್ತಾನೆ. ಅವನನ್ನು ಭೀಷ್ಮನು ತನ್ನವನೆಂದೇ ಕಾಣುತ್ತಾನೆ. ದ್ರೋಣ-ಕರ್ಣರ ನಡುವೆ ಇಂಥ ತೂಕದ ಸಮಾಧಾನದ ಸನ್ನಿವೇಶವನ್ನು ಕವಿ ಕಟ್ಟಿಲ್ಲ. ಕಟ್ಟಲು ಸಾಧ್ಯವೂ ಇರಲಿಲ್ಲವೇನೋ. ಸರದಿಯ ಜಗಳಕ್ಕೆ ಕ್ಷಮೆಯುಂಟು. ಹುಟ್ಟಿನ ಮೇಲೆ ಹೊಡೆದ ಪೆಟ್ಟಿಗೆ ಕ್ಷಮೆ ಕೇಳುವ ಭಾಷೆಯೇ ಇಲ್ಲ.

ಪಂಪನಿಗೆ ಈ ಸೂಕ್ಷ್ಮ ಎಲ್ಲಿಂದ ಬಂತು? ವೇಮುಲವಾಡದ ಚಾಳುಕ್ಯರು ರಾಷ್ಟ್ರಕೂಟರ ಸಾಮಂತರು. ಕವಿಯ ತಮ್ಮ ಜಿನವಲ್ಲಭನ ತ್ರಿಭಾಷಾ ಶಾಸನವಿರುವ ಕುರಿಕ್ಯಾಲ ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿದೆ. ಹಲವು ಸಾಮಂತರ ಪಡೆಗಳನ್ನು ಕೂಡಿಸಿ ಕಟ್ಟಿದ ಸಾಮ್ರಾಜ್ಯದ ಸೇನೆಯಲ್ಲಿ ಮುಂಚೂಣಿ ಯಾರದು, ಮನ್ನಣೆ ಯಾರಿಗೆ ಎಂಬುದು ನಿತ್ಯದ ಪ್ರಶ್ನೆ. ಪಂಪಭಾರತ ರಚನೆಯಾದ 941ರಿಂದ ಎಂಟು ವರ್ಷಗಳ ಮೇಲೆ ನಡೆದ ತಕ್ಕೋಲದ ಯುದ್ಧವನ್ನು ಹೇಳುವ ಆತಕೂರು ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ಆ ರಣರಂಗದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದನು. ಮುಮ್ಮಡಿ ಕೃಷ್ಣನು ಮೆಚ್ಚಿ ಅವನಿಗೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಆಳಾದ ಮಣಲೆರನ ಶೌರ್ಯಕ್ಕೂ ಮನ್ನಣೆ ದೊರೆಯಿತು. ಅವನು ಒಡೆಯನಲ್ಲಿ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಬಳಿಕ ಅವನಿಗೆ ‘ಬಾಳ್ಗಚ್ಚು’ ಎಂಬ ಹೆಸರಿನ, ಕತ್ತಿಯನ್ನು ತೊಳೆದು ಕೊಡುವ ದಾನವೂ ಸಂದಿತು. ಕಾಳಿಯು ಹಂದಿಯೊಡನೆ ಕಾದಿ, ಎರಡೂ ಸತ್ತಾಗ ಆ ನಾಯಿಗೂ ಕಲ್ಲು ನಿಂತಿತು, ಪೂಜೆಗೆ ಭೂಮಿ ದೊರೆಯಿತು. ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಆಳಿಗೆ, ಆಳಿನಿಂದ ನಾಯಿಗೆ ಮನ್ನಣೆ ಇಳಿದು ಬರುತ್ತದೆ. ನಡುವೆ ಯಾರ ಸರದಿಯೂ ತಪ್ಪುವುದಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು, ಪಂಪನು ಕಾವ್ಯದಲ್ಲಿ ‘ಸೂಳ್’ ಎಂದು ಕರೆದುದರ ಲೌಕಿಕ ರೂಪ.

ಒಳಮೇಲಾಟವನ್ನು ಸ್ನೇಹದಲ್ಲಿ ಹಿಡಿದಿಡುವುದು ಪ್ರೀತಿಯಲ್ಲ, ಉಪದೇಶವೂ ಅಲ್ಲ. ತನ್ನ ಸರದಿ ಬಂದೇ ಬರುತ್ತದೆ, ಬಂದಾಗ ಯಾರೂ ತನ್ನ ಹುಟ್ಟನ್ನು ಕೇಳುವುದಿಲ್ಲ ಎಂಬ ನಂಬಿಕೆ. ಆ ನಂಬಿಕೆಯಿದ್ದ ಕಡೆ ಕುದುರೆಯವನು ಆನೆಯವನನ್ನು ನಕ್ಕು ಅಣಕಿಸಬಲ್ಲ. ಅದು ಮುರಿದ ಕಡೆ ಒಂದೇ ಪಾಳೆಯದ ಡೇರೆಗಳ ನಡುವೆ ಗಡಿ ಏಳುತ್ತದೆ. ಕುರುಸೇನೆ ಸೋತದ್ದಕ್ಕೆ ಪಾಂಡವರ ಬಾಣಗಳಷ್ಟೇ ಕಾರಣವಲ್ಲ. ಮೊದಲ ಹತ್ತು ದಿನ ಅದರ ಅತ್ಯುತ್ತಮ ಬಿಲ್ಲುಗಾರನೊಬ್ಬ ತನ್ನದೇ ಬೀಡಿನಲ್ಲಿ ಕೈಕಟ್ಟಿ ಕುಳಿತಿದ್ದ. ರನ್ನನ ಗದಾಯುದ್ಧವನ್ನೂ ಕುಮಾರವ್ಯಾಸನ ಯುದ್ಧಪರ್ವಗಳನ್ನೂ ಈ ದೃಷ್ಟಿಯಿಂದ ಮತ್ತೆ ಓದುವ ಕೆಲಸ ಉಳಿದಿದೆ. ಆಸಕ್ತ ಸಂಶೋಧಕರು ಅದನ್ನು ಕೈಗೆತ್ತಿಕೊಳ್ಳಲೆಂದು ಆಶಿಸುತ್ತೇನೆ.