ಹರಾಜು ಪ್ರಕಟಣೆಯಲ್ಲಿ ಇಲ್ಲದ ಒಂದು ದಿನ

ನಮ್ಮ ವಿಮರ್ಶಕರು ಕತೆ, ಕವಿತೆಗಳನ್ನು ಓದುವಷ್ಟು ಎಚ್ಚರದಿಂದ ಸರ್ಕಾರಿ ಪ್ರಕಟಣೆಗಳನ್ನು ಓದುವುದಿಲ್ಲ. ಹಾಗೆ ನೋಡಿದರೆ ಹಳ್ಳಿಯವರ ಬದುಕನ್ನು ನೇರವಾಗಿ ತಟ್ಟುವ ಬರಹ ಅದೇ. ಕತೆಯೊಂದು ಯಾರನ್ನು ಪಾತ್ರವಾಗಿಸಿಲ್ಲ ಎಂದು ಕೇಳುವ ನಾವು, ಒಂದು ಪ್ರಕಟಣೆ ಯಾರನ್ನು ಬಿಟ್ಟಿದೆ ಎಂದೂ ಕೇಳಬೇಕು. ನಾನಿಲ್ಲಿ ಓದಲು ಆರಿಸಿಕೊಂಡಿರುವುದು ಪಂಚಾಯಿತಿ ಕಟ್ಟೆಯ ಗೋಡೆಗೆ, ಇಲಾಖೆಯ ನೋಟಿಸ್ ಬೋರ್ಡಿಗೆ, ಒಮ್ಮೊಮ್ಮೆ ಪತ್ರಿಕೆಯ ಮೂಲೆಗೆ ಬಂದು ಹೋಗುವ ಒಂದು ಸಣ್ಣ ಪಠ್ಯವನ್ನು. ಅದು ಕೆರೆಯ ಮೀನು ಪಾಶುವಾರು ಹಕ್ಕಿನ ಹರಾಜು ಪ್ರಕಟಣೆ.

ಇದನ್ನು ಓದಿದವರಿಗೆ ಅದರ ಧಾಟಿ ಗೊತ್ತು. ಕೆರೆಯ ಹೆಸರು, ಹೆಕ್ಟೇರುಗಳಲ್ಲಿ ಅದರ ವಿಸ್ತೀರ್ಣ, ಸರ್ಕಾರಿ ಬೆಲೆ, ಕಟ್ಟಬೇಕಾದ ಠೇವಣಿ, ಗುತ್ತಿಗೆಯ ಅವಧಿ, ಹರಾಜಿನ ದಿನ. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಎನ್ನುವ ನಿಯಮವಿದೆ. ಸಂಘ ಮುಂದೆ ಬಾರದಿದ್ದರೆ ಟೆಂಡರು ಮತ್ತು ಹರಾಜು. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಸಣ್ಣ ಕೆರೆಗಳು ಪಂಚಾಯಿತಿಯ ಪಾಲಿಗೆ, ದೊಡ್ಡವು ಇಲಾಖೆಗಳ ಪಾಲಿಗೆ. ಜುಲೈ 1ರಿಂದ ಜೂನ್ 30ರವರೆಗಿನ ಫಸಲಿ ವರ್ಷದ ಲೆಕ್ಕ. ಇದರ ಹಿಂದೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಪಠ್ಯ ಚೊಕ್ಕವಾಗಿದೆ. ಅದರಲ್ಲಿ ಕೆರೆ ಇದೆ, ಹಣ ಇದೆ, ಗುತ್ತಿಗೆದಾರ ಇದ್ದಾನೆ. ಇಲ್ಲದಿರುವುದು ಊರು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವವು ಐದು ತಾಲ್ಲೂಕುಗಳು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಹಡಗಲಿ, ಹರಪನಹಳ್ಳಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಡಗಲಿ, ಹಗರಿಬೊಮ್ಮನಹಳ್ಳಿಯ ಹಲವು ಊರುಗಳು 1953ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರಿಗೆ ನೆಲ ಕೊಟ್ಟಿವೆ. ಕೂಡ್ಲಿಗಿ, ಕೊಟ್ಟೂರಿನವರಿಗೆ ಮಾತ್ರ ಹೊಳೆಯೆಂದರೆ ದೂರದ ಸುದ್ದಿ. ಅವರದ್ದು ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಗುಳೆ ಎನ್ನುವ ಬಾಳು. ಇಂಥ ಸೀಮೆಯಲ್ಲಿ ಕೂಡ್ಲಿಗಿಯ 74 ಕೆರೆಗಳಿಗೆ, ಹರಪನಹಳ್ಳಿಯ 60 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ತುಂಬಿಸುವ ಯೋಜನೆಗಳನ್ನು ಕೈಗೆತ್ತಿಕೊಳ್ಳಲಾಯಿತು. ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯವೂ ಬಹುಕಾಲ ಒಣಗಿ ನಿಂತು ನದಿ ನೀರಿಗೆ ಕಾದದ್ದೇ. ನೀರಿಗಾಗಿ ಈ ಜನ ಮಾಡಿದ ಹೋರಾಟ ಸಣ್ಣದಲ್ಲ. ಆದರೆ ನೀರು ಬಂದ ಕಡೆ ಮೀನು ಬರುತ್ತದೆ, ಮೀನು ಬಂದ ಕಡೆ ಹರಾಜು ಬರುತ್ತದೆ. ಆ ಮೀನಿನಲ್ಲಿ ಊರಿನ ಪಾಲೇನು ಎಂಬ ಪ್ರಶ್ನೆ ಹೋರಾಟದ ಬೇಡಿಕೆಪಟ್ಟಿಯಲ್ಲಿ ಇರಲಿಲ್ಲ.

ಮೊದಲು ಈ ಪ್ರಶ್ನೆಯನ್ನು ಬಿಸಿಲೇ ಬಗೆಹರಿಸುತ್ತಿತ್ತು. ಗುತ್ತಿಗೆದಾರ ತನ್ನ ಕಟ್ಲಾ, ರೋಹುಗಳನ್ನು ಹಿಡಿದುಕೊಂಡು ಹೋದ ಮೇಲೆ ಕೆರೆ ಮೊಣಕಾಲುದ್ದಕ್ಕೆ ಇಳಿಯುತ್ತದೆ. ಆಮೇಲೆ ಉಳಿಯುವುದು ಕೆಸರಿನ ಮೀನು: ಕೊರವ, ಮುರುಗೋಡು, ಚೇಳುಮೀನು. ಇವು ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುವ ಜಾತಿಗಳು, ಆದ್ದರಿಂದ ಬೇರೆ ಮೀನು ಸಾಯುವ ರಾಡಿಯಲ್ಲೂ ಬದುಕುತ್ತವೆ. ಇವನ್ನು ಯಾರೂ ಬಿತ್ತಿದ್ದಲ್ಲ, ಮಳೆನೀರಿನ ಜೊತೆ ಹಳ್ಳ ಹತ್ತಿ ಬಂದದ್ದು. ಬೇಸಿಗೆಯ ಕೊನೆಗೆ ಸೆರಗಿನಲ್ಲಿ, ಬುಟ್ಟಿಯಲ್ಲಿ, ಹಳೆಯ ಸೊಳ್ಳೆಪರದೆಯಲ್ಲಿ ಇವನ್ನು ಹಿಡಿಯುವವರನ್ನು ಯಾರೂ ಹೆಚ್ಚು ತಡೆಯುತ್ತಿರಲಿಲ್ಲ. ಅದು ಬರೆದುಕೊಟ್ಟ ಹಕ್ಕಾಗಿರಲಿಲ್ಲ, ಕೆರೆ ಒಣಗುವುದರಿಂದ ಸಿಕ್ಕ ಸಡಿಲ. ಪೈಪಿನ ನೀರು ವರ್ಷವಿಡೀ ಕೆರೆಯನ್ನು ತುಂಬಿಡುವುದಾದರೆ ಆ ಕೊನೆಯ ದಿನವೇ ಬರುವುದಿಲ್ಲ. ನೀರು ಬಂದದ್ದರಿಂದಲೇ ಬಡವರ ಮೀನು ಹೋಗುವ ವಿಚಿತ್ರ ಸ್ಥಿತಿ ಇದು. ಬಿಸಿಲು ಕೊಡುತ್ತಿದ್ದ ದಿನವನ್ನು ಇನ್ನು ಮುಂದೆ ನಿಯಮ ಕೊಡಬೇಕಾಗುತ್ತದೆ.

ಅಂಥ ನಿಯಮ ನಮ್ಮ ನಾಡಿಗೆ ಹೊಸದಲ್ಲ. ಸೊರಬ, ಸಾಗರ, ಹೊಸನಗರದ ಕಡೆ ಕೆರೆಬೇಟೆ ಎಂಬ ರೂಢಿಯಿದೆ. ಮಳೆಗಾಲಕ್ಕೆ ಮುಂಚೆ ನೀರು ಇಳಿದಾಗ ಊರ ಹಿರಿಯರು ದಿನ ಗೊತ್ತು ಮಾಡುತ್ತಾರೆ. ಬಿದಿರಿನ ಕೂಣಿ ಹಿಡಿದು ನೂರಾರು ಜನ ಸೇರುತ್ತಾರೆ. ಒಂದು ಕೂಣಿಗೆ ಇಷ್ಟು ಎಂದು ಹಣ ಕಟ್ಟಿಸಿಕೊಂಡು ಅದನ್ನು ಊರಿನ ಕೆಲಸಕ್ಕೆ ಬಳಸುವುದುಂಟು. ಸೂಚನೆ ಕೊಟ್ಟ ಮೇಲೆಯೇ ನೀರಿಗಿಳಿಯಬೇಕು. ಮಲೆನಾಡಿನಾಚೆ ಈ ಹೆಸರು ಅನೇಕರಿಗೆ ತಿಳಿದದ್ದು 2024ರಲ್ಲಿ ಬಂದ ಅದೇ ಹೆಸರಿನ ಸಿನಿಮಾದಿಂದ. ಕರಾವಳಿಯ ಚೇಳ್ಯಾರು ಖಂಡಿಗೆಯಲ್ಲಿ ದೈವಸ್ಥಾನದ ಜಾತ್ರೆಯ ದಿನ ನಂದಿನಿ ಹೊಳೆಯಲ್ಲಿ ಜಾತಿ ಮತ ಕೇಳದೆ ಜನ ಮೀನು ಹಿಡಿಯುತ್ತಾರೆ. ಅದಕ್ಕೆ ಮೊದಲು ಅಲ್ಲಿ ಬಲೆ ಬೀಸಬಾರದೆಂಬ ಕಟ್ಟಳೆಯಿದೆ. ಎರಡರಲ್ಲೂ ಗಮನಿಸಬೇಕಾದ್ದು ಒಂದೇ: ತೆರೆಯುವ ದಿನಕ್ಕೆ ಅರ್ಥ ಬರುವುದು ಮುಚ್ಚಿಟ್ಟ ದಿನಗಳಿಂದ. ಎಲ್ಲರೂ ಕೈ ತಡೆದುಕೊಂಡದ್ದರಿಂದಲೇ ಎಲ್ಲರಿಗೂ ಪಾಲು.

ಹಾಗೆಂದು ಹಳೆಯ ಊರನ್ನು ಹೊಗಳಿ ಸುಮ್ಮನಾಗುವ ಚಟಕ್ಕೆ ನಾವು ಬೀಳಬಾರದು. ಇದೇ ನಾಡಿನಲ್ಲಿ ಕೆರೆಯ ನೀರು ಮುಟ್ಟಲು ಕೆಲವರಿಗೆ ಬಿಡದ ಊರುಗಳಿದ್ದವು. 1927ರಲ್ಲಿ ಅಂಬೇಡ್ಕರರು ಮಹಾಡದ ಚವದಾರ್ ಕೆರೆಗೆ ಇಳಿಯಬೇಕಾಯಿತು ಎನ್ನುವುದನ್ನು ನೆನೆದರೆ ಸಾಕು. ಊರ ಹಿರಿಯರು ದಿನ ಗೊತ್ತು ಮಾಡುತ್ತಾರೆ ಎಂದಾಗ ಆ ಹಿರಿಯರು ಯಾರು ಎಂದು ಕೇಳಲೇಬೇಕು. ಬಾಯಿಮಾತಿನ ಕಟ್ಟಳೆಗೆ ಮನಸ್ಸಿದೆ, ಆದರೆ ದಾಖಲೆಯಿಲ್ಲ. ಪ್ರಕಟಣೆಗೆ ದಾಖಲೆಯಿದೆ, ಮನಸ್ಸಿಲ್ಲ. ಎರಡನ್ನೂ ಕೂಡಿಸಲು ಸಾಧ್ಯವೇ?

ಇದಕ್ಕೆ ದೂರದ ಒಂದು ಉದಾಹರಣೆ ನೋಡಬಹುದು. ಕೆನಡಾದ ಪಶ್ಚಿಮ ತೀರದ ಮೂಲನಿವಾಸಿಗಳಿಗೆ ಸಾಲ್ಮನ್ ಮೀನು ನಮ್ಮ ಜೋಳದಂತೆ. ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೇ ಮರಳುವ ಮೀನು ಅದು. 1984ರಲ್ಲಿ ಮಸ್ಕ್ವೀಮ್ ಸಮುದಾಯದ ರೊನಾಲ್ಡ್ ಸ್ಪ್ಯಾರೋ ಎಂಬ ಮೀನುಗಾರ, ಪರವಾನಗಿಯಲ್ಲಿ ಹೇಳಿದ್ದಕ್ಕಿಂತ ಉದ್ದದ ಬಲೆ ಹಾಕಿದರೆಂದು ಸರ್ಕಾರ ಮೊಕದ್ದಮೆ ಹೂಡಿತು. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪಾಲಿನ ಸರದಿಯನ್ನು ಸ್ಪಷ್ಟಪಡಿಸಿತು. ಮೊದಲು ಮೀನಿನ ಸಂತತಿ ಉಳಿಯಬೇಕು. ಅದಾದ ಮೇಲೆ ಮೂಲನಿವಾಸಿಗಳ ಊಟಕ್ಕೆ ಮತ್ತು ಆಚರಣೆಗೆ. ವ್ಯಾಪಾರದ ಮೀನುಗಾರಿಕೆ, ಮೋಜಿನ ಗಾಳ ಎಲ್ಲ ಆಮೇಲೆ. 1993ರ ನಿಯಮಾವಳಿಯ ಪ್ರಕಾರ ಪರವಾನಗಿ ಸಿಗುವುದು ಸಮುದಾಯಕ್ಕೆ. ಸಾಲ್ಮನ್‌ಗಾಗಲೀ ಕಡಲ ತಳದ ಮೀನಿಗಾಗಲೀ ಇಂತಿಂಥ ನೀರು, ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ಬಲೆ ಎಂದು ನಿಗದಿ ಮಾಡಿ ತೆರೆಯುತ್ತಾರೆ. ಅಲ್ಲೂ ಬೀಗದಕೈ ಸರ್ಕಾರದ ಬಳಿಯೇ ಇದೆ. ನಮ್ಮ ಹೊಳೆಗೆ ನಮಗೇ ಅಪ್ಪಣೆಯೇ ಎಂದು ಕೇಳುವ ಮೂಲನಿವಾಸಿಗಳ ಸಿಟ್ಟು ನ್ಯಾಯವಾದದ್ದೇ. ಆದರೂ ಆ ಬರಹದಲ್ಲಿ ಸಮುದಾಯಕ್ಕೆ ಹೆಸರಿದೆ, ಊಟ ವ್ಯಾಪಾರಕ್ಕಿಂತ ಮುಂದಿದೆ. ನಮ್ಮ ಪ್ರಕಟಣೆಯಲ್ಲಿ ಈ ಎರಡೂ ಇಲ್ಲ.

ಮಾರುವ ವಿಷಯಕ್ಕೆ ಬಂದರೆ, ನೀರಿನೊಳಗಿನ ಮೀನನ್ನು ಮಾರಬಹುದೇ ಎಂಬ ಪ್ರಶ್ನೆ ಬಹಳ ಹಳೆಯದು. ಎಂಟನೆಯ ಶತಮಾನದ ನ್ಯಾಯಾಧೀಶ ಅಬೂ ಯೂಸುಫ್, ಖಲೀಫ ಹಾರೂನ್ ರಶೀದನಿಗಾಗಿ ಬರೆದ ಕಂದಾಯದ ಗ್ರಂಥದಲ್ಲಿ ಜವುಗು ನೀರಿನ ಗುತ್ತಿಗೆ ಮತ್ತು ಅಲ್ಲಿನ ಮೀನಿನ ಮಾರಾಟಕ್ಕೆಂದೇ ಒಂದು ಭಾಗವಿದೆ. ಬೇಟೆಯಾಡದೆ ಕೈಗೆ ಸಿಗದ ಮೀನನ್ನು ನೀರಿನಲ್ಲಿರುವಾಗಲೇ ಮಾರುವುದು ಅನಿಶ್ಚಿತವಾದ ವ್ಯವಹಾರ, ಸಲ್ಲದು ಎಂಬುದು ಫಿಕ್‌ಹ್ ವಿದ್ವಾಂಸರಲ್ಲಿ ಬಹುತೇಕರ ನಿಲುವು. ನೀರು, ಮೇವು, ಬೆಂಕಿಯಲ್ಲಿ ಜನರೆಲ್ಲ ಪಾಲುದಾರರೆಂಬ ಪ್ರವಾದಿವಚನವೂ ಓದುಗರಿಗೆ ಪರಿಚಿತ. ನಮ್ಮ ಗುತ್ತಿಗೆದಾರ ಮರಿ ತಂದು ಬಿಡುತ್ತಾನೆ, ಕಾವಲು ಕಾಯುತ್ತಾನೆ. ಆದ್ದರಿಂದ ಎರಡೂ ಒಂದೇ ಎನ್ನುವುದು ಸರಿಯಲ್ಲ. ಆದರೆ ಆ ಹಳೆಯ ಅಳುಕಿನ ಹಿಂದಿರುವ ವಿವೇಕ ಇಂದಿಗೂ ಬೇಕು. ಮಳೆ ಕೈಕೊಟ್ಟರೆ ಕೆರೆ ಒಣಗುತ್ತದೆ, ಹರಾಜಿನ ಹಣ ಮುಳುಗುತ್ತದೆ. ಈ ಹೆದರಿಕೆಗೆ ಗುತ್ತಿಗೆದಾರ ಮರಿ ಬಲಿಯುವ ಮುಂಚೆಯೇ ಬಲೆ ಹಾಕುತ್ತಾನೆ. ಸಣ್ಣ ಸಹಕಾರ ಸಂಘ ಸಾಲ ಮಾಡಿ ಹರಾಜು ಹಿಡಿದು ಒಳಗಿಂದೊಳಗೆ ಹಣವಂತನಿಗೆ ಕೆರೆ ಬಿಟ್ಟುಕೊಡುವ ಪರಿಸ್ಥಿತಿಯೂ ಹುಟ್ಟುವುದು ಇಲ್ಲಿಯೇ. ಹೆಸರು ಸಂಘದ್ದು, ಮೀನು ಬೇರೆಯವರದ್ದು.

ಮೀನಿನ ಮೊದಲ ಪಾಲು ಸಂತತಿಗೆ ಎನ್ನುವುದನ್ನು ನಾವು ಎಷ್ಟು ಮರೆತಿದ್ದೇವೆ ಎಂಬುದಕ್ಕೆ ಹಿನ್ನೀರಿನ ಅಲಿವಿ ಬಲೆಯೇ ಸಾಕ್ಷಿ. ದಡಕ್ಕೆ ಎಳೆಯುವ ಈ ಭಾರಿ ಬಲೆಯ ಕಣ್ಣು ಬಹಳ ಸಣ್ಣದು. ಒಣಗಿಸಿ ಮಾರುವ ಚಿಕ್ಕ ಮೀನಿನ ಜೊತೆ ಕಟ್ಲಾ, ರೋಹುಗಳ ಮರಿಗಳನ್ನೂ ಬಳಿದು ತರುತ್ತದೆ. ದಾರದ ಬಲೆ ಬಿಡುವ ಬಡ ಮೀನುಗಾರನ ನಾಳಿನ ಮೀನು ಇಂದೇ ಒಣಮೀನಾಗುತ್ತದೆ. ಕಡಲಿನಲ್ಲಿ 2015ರಿಂದ ಜೂನ್, ಜುಲೈನ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವೆಂದು ನಾಡಿಗೆಲ್ಲ ಗೊತ್ತು. ಕೆರೆಗೆ, ಹಿನ್ನೀರಿಗೆ ಅಂಥ ಬಿಡುವು ಬೇಕೆಂದರೆ ಕೇಳುವವರು ಕಡಿಮೆ.

ಇನ್ನೊಬ್ಬ ಪಾಲುದಾರನೂ ಇದ್ದಾನೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. 98.76 ಹೆಕ್ಟೇರಿನ, ಮನುಷ್ಯರೇ ನೀರಾವರಿಗೆಂದು ಕಟ್ಟಿದ ಕೆರೆಗೆ ಲೋಕಮಾನ್ಯತೆ ಬಂದದ್ದು ಹೆಮ್ಮೆಯ ವಿಷಯ. ಅಲ್ಲಿ ಹಕ್ಕಿಯ ಪಾಲನ್ನು ಬರಹದಲ್ಲಿ ಒಪ್ಪಿಕೊಂಡಿದ್ದೇವೆ. ಹಕ್ಕಿಗೆ ಸಂದ ಈ ಮಾನ್ಯತೆ ಕೆರೆಯ ಕೆಳಗಿನ ಕೇರಿಗೆ ಏಕೆ ಸಲ್ಲಬಾರದು?

ಆದ್ದರಿಂದ ನನ್ನ ಸಲಹೆ ಸರಳ. ಬಿತ್ತಿದ ಮೀನು ಬೇರೆ, ಬಂದ ಮೀನು ಬೇರೆ ಎಂದು ಪ್ರಕಟಣೆಯಲ್ಲೇ ಬರೆಯಿರಿ. ಮರಿ ಬಿಟ್ಟು ಸಾಕಿದ ಕಟ್ಲಾ, ರೋಹು, ಮೃಗಾಲ ಗುತ್ತಿಗೆದಾರನದ್ದು. ಅವನ ದುಡಿಮೆಗೆ ಮೋಸವಾಗಬಾರದು. ಯಾರೂ ಬಿತ್ತದ ಕೊರವ, ಮುರುಗೋಡು, ಚೇಳುಮೀನು, ಏಡಿ ಊರಿನದ್ದು. ಗುತ್ತಿಗೆದಾರನ ಹಿಡಿತ ಮುಗಿದ ಮೇಲೆ, ಫಸಲಿ ವರ್ಷ ಮುಗಿಯುವ ಮುಂಚೆ, ಮೀನು ಮೊಟ್ಟೆಯಿಡುವ ಮಳೆಗೆ ಮೊದಲು, ಅಂದರೆ ಮೇ ತಿಂಗಳಲ್ಲಿ ಒಂದೆರಡು ದಿನ ಕೆರೆಯನ್ನು ಊರಿಗೆ ತೆರೆಯಿರಿ. ಪೈಪಿನ ನೀರನ್ನು ಅದಕ್ಕೆ ಕೆಲವು ವಾರ ಮುಂಚೆ ನಿಲ್ಲಿಸಿದರೆ ನೀರು ಇಳಿಯುತ್ತದೆ. ದನಗಳಿಗೂ ಕೊಳವೆಬಾವಿಗಳಿಗೂ ಬೇಕಾದಷ್ಟನ್ನು ಉಳಿಸಿಕೊಂಡೇ ಇದನ್ನು ಮಾಡಬೇಕು. ಕೂಣಿ, ಬುಟ್ಟಿ, ಗಾಳ, ಕೈ ಮಾತ್ರ. ಬಲೆ ಬೇಡ, ಸಿಡಿಮದ್ದು ಬೇಡ. ದಿನವನ್ನು ಗೊತ್ತು ಮಾಡುವುದು ಹಿರಿಯರ ಜಗಲಿಯಲ್ಲ, ಗ್ರಾಮಸಭೆ. ಪ್ರಕಟಣೆಯಲ್ಲಿ ಎಲ್ಲ ಕೇರಿಗಳ ಹೆಸರೂ ಇರಲಿ. ಅಂದು ಸಿಕ್ಕ ಮೀನು ಮನೆಯ ಒಲೆಗೆ, ಮಾರಾಟಕ್ಕಲ್ಲ.

ಇದರಿಂದ ಹರಾಜಿನ ಮೊತ್ತ ಕಡಿಮೆಯಾಗುತ್ತದೆ ಎಂದು ಅಧಿಕಾರಿಗಳು ಹೇಳಬಹುದು. ಸ್ವಲ್ಪ ಆಗಲೂಬಹುದು. ಆದರೆ ಆ ನೀರನ್ನು ತರಲು ಹಾಕಿದ್ದು ಜನರ ಹಣ, ಆ ಕೆರೆಗಳನ್ನು ಕಟ್ಟಿದ್ದು ಜನರ ರಟ್ಟೆ. ಅಲ್ಲದೆ ಕಳ್ಳತನದಲ್ಲಿ ನಡೆಯುವುದನ್ನು ಬೆಳಕಿನಲ್ಲಿ ನಡೆಸಿದರೆ ಗುತ್ತಿಗೆದಾರನಿಗೆ ರಾತ್ರಿಯ ಕಾವಲಿನ ಜಗಳವೂ ತಗ್ಗೀತು. ವರ್ಷವಿಡೀ ಬೇಲಿಯಾಚೆ ನಿಂತು ನೋಡುವವನಿಗೆ ಕೆರೆಯ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ವರ್ಷಕ್ಕೊಮ್ಮೆ ತನ್ನ ದಿನ ಬರುತ್ತದೆಂದು ಗೊತ್ತಿರುವವನು ಒತ್ತುವರಿಯನ್ನೂ ತಡೆಯುತ್ತಾನೆ, ಹೂಳನ್ನೂ ಎತ್ತುತ್ತಾನೆ.

ಪ್ರತಿ ಜನವರಿ 21ರಂದು ಕಚೇರಿಗಳಲ್ಲಿ ಅಂಬಿಗರ ಚೌಡಯ್ಯನ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಹನ್ನೆರಡನೆಯ ಶತಮಾನದ ಆ ವಚನಕಾರ ಜನರನ್ನು ಹೊಳೆ ದಾಟಿಸಿದವನು, ತುಂಗಭದ್ರೆಯ ದಡದ ಚೌಡಯ್ಯದಾನಪುರ ಇಂದಿಗೂ ಅವನ ಹೆಸರು ಹೊತ್ತಿದೆ. ಹಾರ ಬಾಡುವ ಮುಂಚೆ ಅದೇ ಕಚೇರಿಗಳ ನೋಟಿಸ್ ಬೋರ್ಡನ್ನೂ ಒಮ್ಮೆ ನೋಡಿದರೆ ಒಳ್ಳೆಯದು. ಅಲ್ಲಿ ಅಂಟಿಸಿದ ಹಾಳೆಯಲ್ಲಿ ಒಂದು ಸಾಲಿಗೆ ಇನ್ನೂ ಜಾಗವಿದೆ.