ಅಳಿದುಹೋದ ‘ಅಂತೆ’: ಹಿಲ್ಸ್‌ಬರೊ ದುರಂತವೂ ಪತ್ರಿಕೆಯ ಹೊಣೆಯೂ

ಪತ್ರಿಕಾ ಸ್ವಾತಂತ್ರ್ಯವನ್ನು ಕುರಿತ ಚರ್ಚೆ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಮಿಲ್ಟನ್ ಕವಿಯಿಂದ ಮೊದಲಾಗುತ್ತದೆ. ೧೬೪೪ರಲ್ಲಿ ಆತನು ಪ್ರಕಟಿಸಿದ ‘ಅರಿಯೊಪಜಿಟಿಕ’ ಎಂಬ ಗದ್ಯಪ್ರಬಂಧವು ಮುದ್ರಣಕ್ಕೆ ಮುನ್ನ ಪರವಾನಗಿ ಪಡೆಯಬೇಕೆಂಬ ಕಟ್ಟಳೆಯನ್ನು ವಿರೋಧಿಸಿತು. ಮುಕ್ತವಾದ ವಾದಕ್ಕೆ ಅವಕಾಶವಿದ್ದಲ್ಲಿ ಸತ್ಯಕ್ಕೆ ಸೋಲಿಲ್ಲವೆಂಬುದು ಅದರ ಒಳನಂಬಿಕೆ. ಈ ನಂಬಿಕೆಯನ್ನು ಅಲ್ಲಗಳೆಯುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆದರೆ ಸತ್ಯ ಗೆಲ್ಲುವುದಕ್ಕೆ ಎಷ್ಟು ಕಾಲ ಹಿಡಿದೀತು, ಅಲ್ಲಿಯವರೆಗೆ ಅಸತ್ಯದ ಭಾರವನ್ನು ಹೊರುವವರು ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಮಿಲ್ಟನ್ನನ ನಾಡಿನಲ್ಲಿಯೇ ಸಂಭವಿಸಿದ ಒಂದು ದುರಂತವನ್ನೂ ಅದನ್ನು ಕುರಿತು ಅಚ್ಚಾದ ಒಂದು ಪುಟವನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

೧೯೮೯ನೆಯ ಏಪ್ರಿಲ್ ೧೫ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ತಂಡಗಳ ನಡುವೆ ಎಫ್.ಎ. ಕಪ್ಪಿನ ಉಪಾಂತ್ಯ ಪಂದ್ಯ ಏರ್ಪಟ್ಟಿತ್ತು. ಲಿವರ್‌ಪೂಲಿನ ಅಭಿಮಾನಿಗಳಿಗೆಂದು ನಿಗದಿಯಾಗಿದ್ದ ಪ್ರವೇಶದ್ವಾರಗಳಲ್ಲಿ ಜನಸಂದಣಿ ಅಪಾಯಕರವಾಗಿ ಬೆಳೆದಾಗ ಪೊಲೀಸರು ಒಂದು ದೊಡ್ಡ ನಿರ್ಗಮನದ್ವಾರವನ್ನು ತೆರೆಸಿದರು. ಆದರೆ ಒಳಬಂದವರನ್ನು ಪಕ್ಕದ ಆವರಣಗಳ ಕಡೆಗೆ ತಿರುಗಿಸುವ ವ್ಯವಸ್ಥೆಯಾಗಲಿಲ್ಲ. ಜನರು ಎದುರಿಗೆ ಕಂಡ ಸುರಂಗಮಾರ್ಗವನ್ನು ಹಿಡಿದು, ಆಗಲೇ ತುಂಬಿಹೋಗಿದ್ದ ನಡುವಣ ಆವರಣಗಳನ್ನು ಸೇರಿದರು. ಮುಂದೆ ಕಬ್ಬಿಣದ ಬೇಲಿ, ಹಿಂದೆ ಜನಪ್ರವಾಹ. ಆ ಒತ್ತಡದ ಪೆಟ್ಟಿನಿಂದ ಮುಂದೆ ವರ್ಷಗಳ ಮೇಲೆ ತೀರಿಕೊಂಡವರೂ ಸೇರಿ ಮೃತರ ಸಂಖ್ಯೆ ೯೭. ಕೊನೆಯ ಮರಣ ಸಂಭವಿಸಿದ್ದು ೨೦೨೧ರಲ್ಲಿ. ಅಭಿಮಾನಿಗಳೇ ಬಾಗಿಲನ್ನು ಬಲಾತ್ಕಾರವಾಗಿ ತೆರೆದರೆಂದು ಅಲ್ಲಿನ ಪೊಲೀಸ್ ಮುಖ್ಯಾಧಿಕಾರಿಗಳು ಕ್ರೀಡಾಸಂಸ್ಥೆಯವರಿಗೆ ಅಂದೇ ತಿಳಿಸಿದರು. ಅದು ಸುಳ್ಳಾಗಿತ್ತೆಂದು ಅವರೇ ೨೦೧೫ರಲ್ಲಿ ವಿಚಾರಣೆಯ ಮುಂದೆ ಒಪ್ಪಿಕೊಂಡರು.

ದುರಂತದ ನಾಲ್ಕು ದಿನಗಳ ಮೇಲೆ, ಏಪ್ರಿಲ್ ೧೯ರಂದು, ‘ದಿ ಸನ್’ ಪತ್ರಿಕೆಯ ಮುಖಪುಟದಲ್ಲಿ ‘ಸತ್ಯ’ ಎಂಬ ಅರ್ಥದ ಬೃಹದಕ್ಷರಗಳ ಶೀರ್ಷಿಕೆ ಕಾಣಿಸಿಕೊಂಡಿತು. ಅದರ ಕೆಳಗೆ ಮೂರು ಉಪಶೀರ್ಷಿಕೆಗಳು. ಕೆಲವು ಅಭಿಮಾನಿಗಳು ದುರಂತಕ್ಕೆ ಸಿಕ್ಕವರ ಜೇಬಿಗೆ ಕೈಹಾಕಿದರೆಂಬುದು ಒಂದು. ಕೆಲವರು ಪೊಲೀಸರ ಮೇಲೆ ಮೂತ್ರ ವಿಸರ್ಜಿಸಿದರೆಂಬುದು ಇನ್ನೊಂದು. ಬಾಯಿಗೆ ಬಾಯಿಟ್ಟು ಉಸಿರು ತುಂಬುತ್ತಿದ್ದ ಪೊಲೀಸನನ್ನು ಕೆಲವರು ಹೊಡೆದರೆಂಬುದು ಮತ್ತೊಂದು. ಈ ಮಾತುಗಳು ಶೆಫೀಲ್ಡಿನ ಒಂದು ವಾರ್ತಾಸಂಸ್ಥೆಯ ಮೂಲಕ ಬಂದಿದ್ದುವು. ಅದಕ್ಕೆ ಹೇಳಿದವರು ಪೊಲೀಸರೂ ಸ್ಥಳೀಯ ಸಂಸತ್ಸದಸ್ಯರೊಬ್ಬರೂ. ಆ ಶೀರ್ಷಿಕೆಯನ್ನು ಆರಿಸಿದವರು ಸಂಪಾದಕರಾಗಿದ್ದ ಕೆಲ್ವಿನ್ ಮೆಕೆಂಜಿ.

ಈ ಪುಟವನ್ನು ಒಂದು ಪಠ್ಯವೆಂದು ಭಾವಿಸಿ ಓದಿದರೆ ಅದರ ದೋಷ ಎಲ್ಲಿದೆಯೆಂಬುದು ವ್ಯಕ್ತವಾಗುತ್ತದೆ. ಇದಕ್ಕೆ ನಮ್ಮ ವ್ಯಾಕರಣವೇ ನೆರವಾಗುತ್ತದೆ. ‘ಹೊಡೆದರು’, ‘ಹೊಡೆದರೆಂದು ಪೊಲೀಸರು ಹೇಳುತ್ತಾರೆ’, ‘ಹೊಡೆದರಂತೆ’: ಈ ಮೂರು ಪ್ರಯೋಗಗಳಲ್ಲಿ ಸಂಗತಿ ಒಂದೇ, ಆಡುವವನ ಹೊಣೆ ಬೇರೆಬೇರೆ. ಮೊದಲನೆಯದು ಕಂಡವನ ಮಾತು. ಎರಡನೆಯದು ಮಾತಿನೊಡನೆ ಅದರ ಒಡೆಯನನ್ನೂ ತೋರಿಸುತ್ತದೆ. ಮೂರನೆಯದು ತಾನು ಕಂಡಿಲ್ಲ, ಕೇಳಿದ್ದೇನೆ ಎಂಬ ಪ್ರಾಮಾಣಿಕ ಒಪ್ಪಿಗೆ. ಕಟ್ಟೆಯ ಮೇಲೆ ಕುಳಿತು ಊರ ಸುದ್ದಿ ಹೇಳುವ ಅನಕ್ಷರಸ್ಥನೂ ಈ ‘ಅಂತೆ’ಯನ್ನು ಮರೆಯುವುದಿಲ್ಲ. ಪತ್ರಿಕೆಯ ಕೈಯಲ್ಲಿದ್ದುದು ಎರಡನೆಯ ಬಗೆಯ ಸಾಮಗ್ರಿ. ಅದು ಅಚ್ಚುಹಾಕಿದ್ದು ಮೊದಲನೆಯ ಬಗೆಯ ವಾಕ್ಯ. ಕೆಳಗಣ ವರದಿಯಲ್ಲಿ ಪೊಲೀಸರ ಮತ್ತು ಸಂಸತ್ಸದಸ್ಯರ ಉಲ್ಲೇಖವಿತ್ತು, ನಿಜ. ಆದರೆ ಆ ಉಲ್ಲೇಖ ಉಳಿಸಿದ್ದ ಅಲ್ಪಸ್ವಲ್ಪ ಸಂದೇಹವನ್ನೂ ಮೇಲಣ ಒಂದೇ ಪದ ಅಳಿಸಿಹಾಕಿತು.

ಮೂರು ಸಲ ಬರುವ ‘ಕೆಲವರು’ ಎಂಬ ಪದವೂ ವಿಚಾರಾರ್ಹ. ಮೇಲುನೋಟಕ್ಕೆ ಅದು ಎಚ್ಚರಿಕೆಯ ಮಾತೆಂದು ತೋರುತ್ತದೆ. ವಸ್ತುತಃ ಯಾರನ್ನೂ ಹೆಸರಿಸದ ಆರೋಪ ಎಲ್ಲರ ಮೇಲೂ ಬೀಳುತ್ತದೆ. ಯಾರೂ ಮುಂದೆ ಬಂದು ಅದನ್ನು ನಿರಾಕರಿಸುವಂತಿಲ್ಲ. ಮಗನನ್ನು ಕಳೆದುಕೊಂಡು ಬದುಕಿ ಬಂದ ತಂದೆಯೂ ಆ ‘ಕೆಲವರ’ ನೆರಳಿನಲ್ಲಿ ನಿಲ್ಲಬೇಕಾಯಿತು.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಅದೇ ಆರೋಪಗಳನ್ನು ಬೇರೆ ಪತ್ರಿಕೆಗಳೂ ಪ್ರಕಟಿಸಿದುವಲ್ಲ, ಒಂದನ್ನೇ ದೂರುವುದು ನ್ಯಾಯವೆ? ಹೇಳಿದವರ ಹೆಸರನ್ನು ಕೊಟ್ಟ ಮಾತ್ರಕ್ಕೆ ಪರಿಶೀಲನೆಯ ಹೊಣೆ ತೀರುವುದಿಲ್ಲವೆಂಬುದು ದಿಟ. ಆ ಪತ್ರಿಕೆಗಳೂ ನಿರ್ದೋಷಿಗಳಲ್ಲ. ಆದರೂ ‘ಪೊಲೀಸರ ಆರೋಪ’ ಎಂದು ಬರೆದವರು ಓದುಗನಿಗೆ ಸಂದೇಹಪಡುವ ಹಕ್ಕನ್ನಾದರೂ ಉಳಿಸಿದರು. ಸಂಸತ್ಸದಸ್ಯರೊಬ್ಬರ ಮಾತನ್ನು ನಂಬಿದ್ದೇ ತಮ್ಮ ತಪ್ಪೆಂದು ಮೆಕೆಂಜಿಯವರು ೧೯೯೩ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ನಂಬುವುದು ಮನುಷ್ಯಸಹಜ. ಆದರೆ ತನ್ನ ನಂಬಿಕೆಯನ್ನೇ ‘ಸತ್ಯ’ವೆಂದು ಮುದ್ರಿಸುವುದು ಬೇರೆಯ ಕೆಲಸ, ಅದರ ಹೊಣೆ ನಂಬಿಸಿದವನಿಗೆ ದಾಟುವುದಿಲ್ಲ.

ಇನ್ನು ಕಾಲದ ಪ್ರಶ್ನೆ. ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ ೧೯೮೯ರ ಆಗಸ್ಟಿನಲ್ಲಿಯೇ ಹೊರಬಂದಿತು. ದುರಂತಕ್ಕೆ ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯವೆಂದು ಅದು ತಿಳಿಸಿತು. ಆ ಹೇಯ ಆರೋಪಗಳನ್ನು ಸಮರ್ಥಿಸಲು ಒಬ್ಬ ಸಾಕ್ಷಿಯೂ ಬರಲಿಲ್ಲವೆಂಬುದನ್ನೂ ದಾಖಲಿಸಿತು. ಆದರೂ ೧೯೯೧ರ ಮರಣವಿಚಾರಣೆ ಇದನ್ನು ಆಕಸ್ಮಿಕ ಮರಣವೆಂದಿತು. ೨೦೧೨ರ ಸೆಪ್ಟೆಂಬರಿನಲ್ಲಿ ಸ್ವತಂತ್ರ ಮಂಡಲಿಯ ವರದಿ ಪ್ರಕಟವಾದಾಗ, ೧೬೪ ಪೊಲೀಸ್ ಹೇಳಿಕೆಗಳನ್ನು ಗಣನೀಯವಾಗಿ ತಿದ್ದಲಾಗಿತ್ತೆಂದೂ ಅವುಗಳಲ್ಲಿ ೧೧೬ರಿಂದ ಪೊಲೀಸರಿಗೆ ಪ್ರತಿಕೂಲವಾದ ಮಾತುಗಳನ್ನು ತೆಗೆಯಲಾಗಿತ್ತು ಇಲ್ಲವೆ ಮಾರ್ಪಡಿಸಲಾಗಿತ್ತೆಂದೂ ತಿಳಿದುಬಂದಿತು. ೨೦೧೬ರ ಹೊಸ ವಿಚಾರಣೆಯ ಪಂಚರು ಇವು ಕಾನೂನುಬಾಹಿರ ಹತ್ಯೆಗಳೆಂದೂ ಅಭಿಮಾನಿಗಳ ವರ್ತನೆ ಕಾರಣವಲ್ಲವೆಂದೂ ನಿರ್ಣಯಿಸಿದರು. ಪೊಲೀಸ್ ಮುಖ್ಯಾಧಿಕಾರಿಗಳ ಮೇಲಣ ಮೊಕದ್ದಮೆಯಾದರೋ ೨೦೧೯ರಲ್ಲಿ ಖುಲಾಸೆಯಲ್ಲಿ ಕೊನೆಗೊಂಡಿತು. ‘ದಿ ಸನ್’ ಪತ್ರಿಕೆ ೨೦೦೪ರಲ್ಲಿ ಒಳಪುಟದ ಲೇಖನವೊಂದರಲ್ಲಿ ಕ್ಷಮೆ ಕೇಳಿತು. ಮುಖಪುಟದ ತಪ್ಪನ್ನು ಮುಖಪುಟದಲ್ಲಿಯೇ ಒಪ್ಪಿಕೊಂಡದ್ದು ೨೦೧೨ರಲ್ಲಿ. ನಾಲ್ಕು ತಿಂಗಳಲ್ಲಿ ಗೊತ್ತಾದದ್ದನ್ನು ಅದೇ ಸ್ಥಳದಲ್ಲಿ ಹೇಳುವುದಕ್ಕೆ ಇಪ್ಪತ್ತಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಮೃತರ ತಂದೆತಾಯಂದಿರಲ್ಲಿ ಹಲವರು ಕಣ್ಣುಮುಚ್ಚಿದ್ದರು.

ಹಾಗಾದರೆ ಪತ್ರಿಕೆಯನ್ನು ಹೊಣೆಗಾರನನ್ನಾಗಿಸುವವರು ಯಾರು? ಇಂಗ್ಲೆಂಡಿನ ಮಾನನಷ್ಟ ಕಾನೂನು ಸತ್ತವರ ಪರವಾಗಿ ನಿಲ್ಲುವುದಿಲ್ಲ, ಹೆಸರಿಲ್ಲದ ಗುಂಪಿನ ಪರವಾಗಿಯೂ ನಿಲ್ಲುವುದು ದುರ್ಲಭ. ಅಂದಿನ ಪ್ರೆಸ್ ಕೌನ್ಸಿಲ್ಲಿಗೆ ಖಂಡಿಸುವ ಅಧಿಕಾರವಿತ್ತೇ ಹೊರತು ದಂಡಿಸುವ ಶಕ್ತಿಯಿರಲಿಲ್ಲ. ಲಿವರ್‌ಪೂಲಿನ ಜನರು ಆ ಪತ್ರಿಕೆಯನ್ನು ಕೊಳ್ಳುವುದನ್ನೇ ಬಿಟ್ಟರು. ಆ ಬಹಿಷ್ಕಾರ ದಶಕಗಳ ಕಾಲ ನಡೆಯಿತು. ಅದು ಗೌರವಾರ್ಹವಾದ ಪ್ರತಿಭಟನೆ, ಆದರೆ ನ್ಯಾಯಕ್ಕೆ ಪರ್ಯಾಯವಲ್ಲ. ಸರ್ಕಾರವೇ ಅಂಕುಶ ಹಿಡಿಯಲಿ ಎನ್ನೋಣವೆ? ಈ ಪ್ರಕರಣದಲ್ಲಿ ಅಸತ್ಯ ಹುಟ್ಟಿದ್ದೇ ಪ್ರಭುತ್ವದ ನೌಕರರಲ್ಲಿ. ಮುದ್ರಣಕ್ಕೆ ಅನುಮತಿ ಕೊಡುವ ಅಧಿಕಾರ ಅಂಥವರ ಕೈಯಲ್ಲಿದ್ದಿದ್ದರೆ ಅನುಮತಿ ಪಡೆಯುತ್ತಿದ್ದುದು ಈ ಪುಟವೇ. ತಡೆಯಲ್ಪಡುತ್ತಿದ್ದುದು ಅದನ್ನು ಪ್ರಶ್ನಿಸುವ ಬರಹ. ಮಿಲ್ಟನ್ನನ ವಾದ ಈ ಅಂಶದಲ್ಲಿ ಇಂದಿಗೂ ಅಬಾಧಿತ.

ಆದುದರಿಂದ ಸ್ವಾತಂತ್ರ್ಯವನ್ನು ಕುಗ್ಗಿಸದೆ ಹೊಣೆಯನ್ನು ಹಿಗ್ಗಿಸುವ ಎರಡು ಧರ್ಮಗಳನ್ನು ಪತ್ರಿಕೆಯಿಂದ ನಿರೀಕ್ಷಿಸಬಹುದು. ಆಡಿದವನನ್ನು ಮಾತಿನಿಂದ ಬೇರ್ಪಡಿಸದಿರುವುದು ಮೊದಲನೆಯದು. ಆಡಿದವನು ಅಧಿಕಾರಸ್ಥನಾದಷ್ಟೂ ಈ ಧರ್ಮ ಕಠಿನವಾಗಬೇಕು. ತಪ್ಪು ತಿಳಿದೊಡನೆ, ತಪ್ಪನ್ನು ಅಚ್ಚುಹಾಕಿದ ಜಾಗದಲ್ಲಿಯೇ, ಅಷ್ಟೇ ದಪ್ಪ ಅಕ್ಷರಗಳಲ್ಲಿ ತಿದ್ದುವುದು ಎರಡನೆಯದು. ಸತ್ಯ ತಾನಾಗಿ ಗೆಲ್ಲುತ್ತದೆಂದು ನಂಬಿ ಕುಳಿತವರಿಗೆ ಹಿಲ್ಸ್‌ಬರೊ ಕಲಿಸುವ ಪಾಠ ಇದು: ಅಲ್ಲಿ ಸತ್ಯವನ್ನು ಗೆಲ್ಲಿಸಿದವರು ಮೃತರ ಮನೆಯವರು, ಪ್ರತಿಯೊಂದು ವಿಚಾರಣೆಯ ಬಾಗಿಲನ್ನೂ ಅವರೇ ತಟ್ಟಬೇಕಾಯಿತು. ಒಂದು ‘ಅಂತೆ’ಯನ್ನು ಅಳಿಸುವುದಕ್ಕೆ ಸಂಪಾದಕನಿಗೆ ಒಂದು ಗಳಿಗೆ ಸಾಕು, ಅದನ್ನು ಮರಳಿ ಬರೆಯಿಸುವುದರಲ್ಲಿ ಇವರ ಅರ್ಧ ಆಯುಷ್ಯವೇ ಕಳೆದುಹೋಯಿತು.